ಒಂದೂವರೆ ಮೊಳ

ಹಲ್ ಪಟ್ಟಣದ ಹೆಸ್ಸಲ್ ರಸ್ತೆಯಲ್ಲಿ
ಕಾರ್ಪೆಟ್ ಅಂಗಡಿಯ ಮೇಲೆ ನಮ್ಮ ಕಚೇರಿ.
ಬೋರ್ಡಿನಲ್ಲಿ: ಹೆಂಗಸರ ಸಿನಿಮಾ, ಬಾಡಿಗೆಗೆ.
ಕೆಳಗೆ, ಸಣ್ಣಕ್ಷರದಲ್ಲಿ: ಲಾಭಕ್ಕಲ್ಲ.
ಮೊದಲ ಸಾಲು ಮಾತ್ರ ಓದಿದ ಪಡ್ಡೆಗಳು
ದಡದಡ ಮೆಟ್ಟಿಲು ಹತ್ತಿ ಬಂದು
ಗ್ವೆಂಡಾಳ ಮುಖ ನೋಡಿ
ಮೆಲ್ಲಗೆ ಇಳಿದು ಹೋಗುತ್ತಿದ್ದವು.

ನನ್ನದು ಬೆರಳಿನ ಕೆಲಸ.
ಊರೂರು ತಿರುಗಿ ಬಂದ ಪ್ರಿಂಟನ್ನು
ಸುರುಳಿಯಿಂದ ಸುರುಳಿಗೆ ಸುತ್ತುತ್ತ
ಅಂಚಿನ ತೂತು ಹರಿದಿದೆಯೇ ಎಂದು ತಡವುವುದು.
ಅಕ್ಕಿಯಲ್ಲಿ ಕಲ್ಲು ಹುಡುಕಿದ ಕೈಗೆ
ಅದೇನು ಹೊಸ ವಿದ್ಯೆಯಲ್ಲ.
ಜೈಲಿಗೆ ಹೋಗಿ ಬಂದದ್ದಕ್ಕೆ ಸಿಗರೇಟು ವಾಸನೆ.
ಚರ್ಚಿನ ಹೆಂಗಸರು ಒಮ್ಮೆ ಡಬ್ಬಿಯೊಳಗೆ
ಕೇಕಿನ ಚೂರು ಇಟ್ಟು ಕಳಿಸಿದ್ದರು.
ಬಾಡಿಗೆ ಒಂಬತ್ತು ಪೌಂಡು. ಅರ್ಧ, ಚಿತ್ರ ತೆಗೆದವಳಿಗೆ.
ಉಳಿದರ್ಧದಲ್ಲಿ ಅಂಚೆ, ಹೀಟರು, ನಾನು.

ಅಕ್ಟೋಬರಿನಲ್ಲಿ ಐಲೀನ್ ಬ್ಲೆಂಕಿನ್ ಬಂದಳು.
ಕೋಟಿನ ಗುಂಡಿ ಕತ್ತಿನವರೆಗೂ ಹಾಕಿ,
ಮಂಜುಗಡ್ಡೆಗೆ ಒಡೆದ ಬೆರಳು ಮಡಿಚಿಟ್ಟು.
ಅವಳನ್ನು ನಾನು ನಲವತ್ತು ಸಲ ನೋಡಿದ್ದೆ,
ಗ್ವೆಂಡಾ ತೆಗೆದ ‘ಬೆಳಗಿನ ಪಾಳಿ’ಯಲ್ಲಿ,
ಮೀನು ಶೆಡ್ಡಿನ ಹೆಸರಿನ ಕೆಳಗೆ ನಿಂತು
ನಗುವುದೋ ಬೇಡವೋ ಎಂಬಂತೆ ಮಾತು ಶುರು ಮಾಡುವವಳು.
‘ನನ್ನ ಮುಖ ವಾಪಸು ಬೇಕು’ ಎಂದಳು.
ಗ್ರಿಮ್ಸ್‌ಬಿಯ ಕಾರ್ಮಿಕರ ಹಾಲ್‌ನಲ್ಲಿ
ಬರುವ ಗುರುವಾರ ತೋರಿಸುತ್ತೀರಂತೆ.
ಅವನು ಈಗ ಅಲ್ಲೇ. ಸಭೆ ಅಂದರೆ
ಮೊದಲ ಸಾಲಿನಲ್ಲಿ ಕೂರುವ ಚಾಳಿ.
ನಾನೆಲ್ಲಿ ಕೆಲಸಕ್ಕಿದ್ದೇನೆಂದು ಅವನಿಗೆ ಗೊತ್ತಿಲ್ಲ. ಗೊತ್ತಾಗಬಾರದು.

ಆ ನಾಲ್ಕು ಸೆಕೆಂಡೇ ಚಿತ್ರದ ಉಸಿರು
ಎಂದು ಗ್ವೆಂಡಾ ಎಲ್ಲರಿಗೂ ಹೇಳುತ್ತಿದ್ದಳು.
ಆ ಫಿಲ್ಮಿಗೆಂದೇ ಒಂದು ಚಳಿಗಾಲ
ಕಲ್ಲಿದ್ದಲು ಕೊಳ್ಳದೆ ಕಳೆದಿದ್ದಳು.
ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ನಿಂತಳು.
‘ಕತ್ತರಿಸು’ ಎಂದಳು, ನನ್ನತ್ತ ನೋಡದೆ.
‘ಮೂರೂ ಪ್ರಿಂಟು. ಡಂಡೀಗೂ ಕಾರ್ಡಿಫ್‌ಗೂ ಫೋನು ಮಾಡು.’

ತೊಂಬತ್ತಾರು ಚೌಕ.
ಬೆಳಕಿಗೆ ಹಿಡಿದರೆ ತೊಂಬತ್ತಾರು ಐಲೀನ್,
ಒಬ್ಬಳಿಗಿಂತ ಒಬ್ಬಳು ಕೂದಲೆಳೆಯಷ್ಟು ಬೇರೆ.
ಹೂವಾಡಗಿತ್ತಿಯ ಹಾಗೆ ಮೊಣಕೈಗೆ ಹಿಡಿದು ಅಳೆದೆ:
ಒಂದೂವರೆ ಮೊಳ, ಮೇಲೆರಡು ಬೆರಳು ಕೊಸರು.
ಮುಡಿಯಲಾರದ್ದು.

ಒಂದು ತೊಡಕಿತ್ತು. ಹೇಳಲೇಬೇಕಾಯಿತು.
ಫಿಲ್ಮಿನಲ್ಲಿ ಮಾತು, ಮುಖದ ಪಕ್ಕ ಇರುವುದಿಲ್ಲ.
ಇಪ್ಪತ್ತಾರು ಚೌಕ ಮುಂಚೆಯೇ ಹೊರಟಿರುತ್ತದೆ.
ಮುಖ ತೆಗೆದರೂ ನಿನ್ನ ಮೊದಲ ಸೆಕೆಂಡಿನ ದನಿ
ಕತ್ತರಿಯ ಆಚೆ ಉಳಿಯುತ್ತದೆ,
ಮುಂದಿನ ಚಿತ್ರದ ಮೇಲೆ ಹೋಗಿ ಬೀಳುತ್ತದೆ.
‘ಏನು ಹೇಳಿದ್ದೆ ಆಗ?’
‘ನಾನಂತೂ... ಅಷ್ಟೆ.’
ಐಲೀನ್ ಮೊದಲ ಸಲ ಗುಂಡಿಯೊಂದನ್ನು ಬಿಚ್ಚಿದಳು.
‘ಅದಿರಲಿ ಬಿಡು. ಅಷ್ಟಕ್ಕೆ ಯಾರು ಗುರುತು ಹಿಡಿದಾರು.’
ಸುರುಳಿಯನ್ನು ಬಸ್ಸಿನ ಚೀಟಿಗಳ ಜೊತೆ
ಕೈಚೀಲಕ್ಕೆ ಹಾಕಿಕೊಂಡು ಹೋದಳು.

ಗುರುವಾರ. ಪ್ರೊಜೆಕ್ಟರು ತೊಡೆಯ ಮೇಲಿಟ್ಟು
ಹಂಬರ್ ಸೇತುವೆಯನ್ನು ಬಸ್ಸಿನಲ್ಲಿ ದಾಟಿದೆ.
ಮುಂದಿನ ಸಾಲಿನಲ್ಲಿ ಏಳು ಗಂಡಸರು.
ಯಾವನು ಎಂದು ನಾನು ಕೇಳಿಕೊಂಡಿರಲಿಲ್ಲ.
ಏಳೂ ಬೆನ್ನನ್ನು ನೋಡುತ್ತ ನಿಂತೆ.
ಹದಿನಾಲ್ಕನೆಯ ನಿಮಿಷಕ್ಕೆ
ಅಂಟು ಗೇಟಿನಲ್ಲಿ ಟಕ್ಕೆಂದಿತು.
ಆಮೇಲೆ ತೆರೆಯ ತುಂಬ ಉದ್ದನೆಯ ಮೇಜು,
ಗಮ್‌ಬೂಟು ತೊಟ್ಟ ಇಪ್ಪತ್ತು ಹೆಂಗಸರು, ಚಾಕು, ನೀರು,
ಯಾರ ತುಟಿಯೂ ಅಲುಗಲಿಲ್ಲ. ದನಿ ಮಾತ್ರ ಬಂತು:
ನಾನಂತೂ

ಒಬ್ಬ ತಲೆ ಎತ್ತಿದ.
ಕೆಮ್ಮಿರಲೂಬಹುದು.

ಮರುದಿನ ಪ್ರಿಂಟು ಸುತ್ತುವಾಗ
ಬೆರಳಿಗೆ ಸಿಕ್ಕಿತು ಆ ಅಂಟು. ಗಟ್ಟಿಯಾಗಿತ್ತು.
ಕಾರ್ಡಿನಲ್ಲಿ ‘ಹಾನಿ’ ಎಂದೊಂದು ಅಂಕಣ.
ಅದನ್ನು ಖಾಲಿ ಬಿಟ್ಟು
ಪಕ್ಕದಲ್ಲಿ ಬರೆದೆ:
ಬಾಡಿಗೆ ಒಂಬತ್ತು ಪೌಂಡು, ಬಂದಿದೆ.